ಅಂಜುವ ಮಗುವೂ ಹಿರಿಯರ ಸಮಾಧಾನವೂ

ಬೆಟ್ಟ, ಕಡಲತಡಿ, ಸಂತೆಗಳ ದೃಷ್ಟಾಂತಗಳನ್ನಿತ್ತು ಅಕ್ಕಮಹಾದೇವಿಯು ಲೋಕದ ಸ್ತುತಿನಿಂದೆಗಳ ನಡುವೆ ಮನವನ್ನು ಶಾಂತವಾಗಿರಿಸಿಕೊಳ್ಳುವ ಬಗೆಯನ್ನು ಬೋಧಿಸಿದಳು. ಆ ವಚನವನ್ನರಿಯದ ಶರಣರ ಮನೆ ವಿರಳ. ಆದರೆ ಶಾಲೆಗೆ ಹೊರಡುವಾಗ ನಡುಗುವ ಮಗುವನ್ನು ಗದರಿಸಲು ಅದನ್ನೇ ಕೋಲಿನಂತೆ ಎತ್ತುವುದುಂಟು. ಇದು ಸಲ್ಲದು.

ಕೂಡ್ಲಿಗಿ ಸೀಮೆಯ ಒಂದು ಮನೆಯನ್ನು ಭಾವಿಸಿ ನೋಡಬೇಕು. ಪಾಟೀಚೀಲವನ್ನು ಹೆಗಲಿಗೇರಿಸಿದೊಡನೆ ಬಾಲಕನ ಎದೆ ಡವಡವನೆ ಬಡಿದುಕೊಳ್ಳುತ್ತದೆ. ಉಸಿರು ಸಿಕ್ಕಿಕೊಂಡಂತಾಗಿ, ಅಂಗೈ ಬೆವತು, ಸತ್ತೇಹೋಗುವೆನೆಂದು ಚೀರುತ್ತಾನೆ. ತಂದೆ ಕಳ್ಳಾಟವೆಂದು ಕೈಯೆತ್ತುತ್ತಾನೆ. ಅಜ್ಜಿ ದೃಷ್ಟಿ ತಾಕಿತೆಂದು ನಿವಾಳಿಸುತ್ತಾಳೆ. ತಾಯಿ ಕಣ್ಣೀರಿಡುತ್ತ ಮನೆಯಲ್ಲಿಯೇ ಉಳಿಸಿಕೊಳ್ಳುತ್ತಾಳೆ. ಶಾಲೆ ತಪ್ಪುತ್ತದೆ, ಗಂಡಹೆಂಡಿರಲ್ಲಿ ಮಾತು ಬೆಳೆಯುತ್ತದೆ. ಆ ಕಲಹಕ್ಕೆ ತಾನೇ ಕಾರಣನೆಂದು ಬಗೆದ ಕೂಸಿನ ಅಂಜಿಕೆ ಇಮ್ಮಡಿಯಾಗುತ್ತದೆ.

ಇದು ಕಳ್ಳಾಟವಲ್ಲ, ಗಾಳಿಸೋಂಕಲ್ಲ, ಭಕ್ತಿಯ ಕೊರತೆಯೂ ಅಲ್ಲ. ಅಪಾಯದಲ್ಲಿ ದೇಹವನ್ನು ಎಚ್ಚರಿಸುವ ಶಕ್ತಿಯೇ ಅಪಾಯವಿಲ್ಲದಾಗಲೂ ಎದ್ದುನಿಲ್ಲುವುದರಿಂದ ಹೀಗಾಗುತ್ತದೆ. ಈ ದಿಗಿಲು ಸಾಮಾನ್ಯವಾಗಿ 10 ನಿಮಿಷಗಳೊಳಗೆ ತುದಿಗೇರಿ, ಬಳಿಕ ತಾನಾಗಿ ಇಳಿಯುತ್ತದೆ. ಶಾಲೆಯನ್ನು ತಪ್ಪಿಸಿದರೆ ಅಂದಿನ ಮಟ್ಟಿಗೆ ನೆಮ್ಮದಿ ದೊರೆತೀತು. ಆದರೆ ಅಂಜಿಕೆಯ ಬೇರು ಆಳಕ್ಕಿಳಿಯುತ್ತದೆ.

ಮನೋವ್ಯಾಧಿಗೆ ಮದ್ದುಂಟೆಂಬ ಅರಿವು ಈ ಸೀಮೆಗೆ ಹೊಸದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿಯನ್ನಿತ್ತು, ಆ ಚಿಕಿತ್ಸೆಯನ್ನು ಹಳ್ಳಿಗಳಿಗೆ ಒಯ್ದಿತು. ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳೆಲ್ಲ ಆಗ ಆ ಜಿಲ್ಲೆಯಲ್ಲಿಯೇ ಇದ್ದವು. ಆ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಗಲ್ಲಾಯಿತು. ಟೆಲಿ-ಮಾನಸ್ ಎಂಬ ಸರ್ಕಾರದ ದೂರವಾಣಿ 14416ರಲ್ಲಿಯೂ ಸಲಹೆ ದೊರೆಯುತ್ತದೆ.

ಮೊದಲು ವೈದ್ಯರಿಂದ ಎದೆಯನ್ನೂ ಉಸಿರನ್ನೂ ಪರೀಕ್ಷಿಸಿಸಬೇಕು. ದಿಗಿಲು ಬಂದಾಗ ಹಿರಿಯರು ಬಳಿ ಕುಳಿತು, ತಾವೇ ನಿಧಾನವಾಗಿ ಉಸಿರು ಬಿಡುತ್ತ ಮಗುವಿಗೂ ಕಲಿಸಬೇಕು. ಗುರುಗಳೊಡನೆ ಮಾತಾಡಿ, ಮೊದಲು ಒಂದು ತಾಸು, ಬಳಿಕ ಅರ್ಧ ದಿನ, ಹೀಗೆ ಶಾಲೆಯನ್ನು ಮರಳಿ ರೂಢಿಸಬೇಕು. ಕೊಟ್ಟೂರ ತೇರೂ ಒಮ್ಮೆಗೇ ಓಡದು. ಹಲವರು ಕೈಗೂಡಿಸಿ ಎಳೆದಾಗ ಗಾಲಿ ಒಂದೊಂದೇ ಉರುಳು ಉರುಳಿ ಮುಂದೆ ಸಾಗುತ್ತದೆ.

ಬಸವಣ್ಣನವರು ಧರ್ಮದ ಬುಡದಲ್ಲಿರಿಸಿದ ದಯೆಗೆ ಮನೆಯ ಕೂಸೇ ಮೊದಲ ಪಾತ್ರ. ಅಕ್ಕನು ಬೋಧಿಸಿದ ಸಮಾಧಾನವನ್ನು ಮಗುವಿನಿಂದ ಬೇಡುವ ಮುನ್ನ ಹಿರಿಯರು ತಮ್ಮಲ್ಲಿ ನೆಲೆಗೊಳಿಸಿಕೊಳ್ಳಲಿ. ತಾಯಿತಂದೆಗಳ ಎದೆ ತಣ್ಣಗಿದ್ದರೆ ಮಗು ಅಲ್ಲಿಂದಲೇ ಧೈರ್ಯವನ್ನು ಕಡ ಪಡೆಯುವುದು.