ಬಿಟ್ ಒಂದು ವಸ್ತುವೇ? ಅವಯವ, ಅವಯವಿ ಮತ್ತು ಬಿಟ್ ಅರೇ

ಹೌದು, ಅಲ್ಲ ಎಂಬ ಎರಡೇ ಉತ್ತರಗಳನ್ನು ಸಾಲಾಗಿ ಜೋಡಿಸಿಟ್ಟುಕೊಳ್ಳುವ ರಚನೆಗೆ ಬಿಟ್ ಅರೇ ಎಂದು ಹೆಸರು. ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಗಳಲ್ಲಿ ಇದಕ್ಕೆಂದೇ ಸಿದ್ಧ ಕ್ಲಾಸ್‌ಗಳಿವೆ: ಜಾವಾದಲ್ಲಿ ಬಿಟ್‌ಸೆಟ್, ಸಿ ಶಾರ್ಪ್‌ನಲ್ಲಿ ಬಿಟ್‌ಅರೇ, ಸಿ ಪ್ಲಸ್ ಪ್ಲಸ್‌ನಲ್ಲಿ ವೆಕ್ಟರ್ ಬೂಲ್. ಇವುಗಳನ್ನು ಬಳಸುವುದು ಜಾಗದ ಉಳಿತಾಯಕ್ಕೆ. ಎರಟೋಸ್ತನೀಸನ ಜರಡಿಯಿಂದ 10 ಲಕ್ಷದವರೆಗಿನ ಅವಿಭಾಜ್ಯ ಸಂಖ್ಯೆಗಳನ್ನು ಸೋಸಲು ಪ್ರತಿ ಸಂಖ್ಯೆಗೂ ಒಂದು ಗುರುತು ಬೇಕು. ಗುರುತಿಗೆ ಒಂದೊಂದು ಬೈಟ್ ಕೊಟ್ಟರೆ 10 ಲಕ್ಷ ಬೈಟ್ ಹಿಡಿಯುತ್ತದೆ. ಒಂದೊಂದು ಬಿಟ್ ಕೊಟ್ಟರೆ 1,25,000 ಬೈಟ್ ಸಾಕು. ಆದರೆ ಈ ಉಳಿತಾಯದ ಬೆನ್ನಿಗೇ ಭಾರತೀಯ ದರ್ಶನಗಳು ಶತಮಾನಗಳ ಕಾಲ ಚರ್ಚಿಸಿದ ಪ್ರಶ್ನೆಯೊಂದು ಬರುತ್ತದೆ. ಬಿಡಿ ಬಿಟ್ ತನ್ನಷ್ಟಕ್ಕೆ ಒಂದು ವಸ್ತುವೇ? ಅವುಗಳ ಸಾಲು ಬಿಟ್‌ಗಳಿಗಿಂತ ಬೇರೆಯಾದ ಇನ್ನೊಂದು ವಸ್ತುವೇ?

ಯಂತ್ರದ ಮಟ್ಟದಲ್ಲಿ ನೋಡಿದರೆ ಇಂದಿನ ಸಾಮಾನ್ಯ ಕಂಪ್ಯೂಟರಿನಲ್ಲಿ ಬಿಟ್‌ಗೆ ಸ್ವಂತ ವಿಳಾಸವಿಲ್ಲ. ಮೆಮೊರಿಯಲ್ಲಿ ವಿಳಾಸವಿರುವ ಅತಿ ಚಿಕ್ಕ ಘಟಕ ಬೈಟ್. ಹೀಗೆಯೇ ಇರಬೇಕೆಂದೇನೂ ಇಲ್ಲ. ಐಬಿಎಂ 1961ರಲ್ಲಿ ಹೊರತಂದ ಸ್ಟ್ರೆಚ್ ಯಂತ್ರ ಒಂದೊಂದು ಬಿಟ್ಟನ್ನೂ ವಿಳಾಸದಿಂದ ಗುರುತಿಸಬಲ್ಲದಾಗಿತ್ತು. ಇಂಟೆಲ್‌ನ 8051 ಚಿಪ್‌ನಲ್ಲಿ 16 ಬೈಟ್‌ಗಳ ಒಂದು ಪಟ್ಟಿಯಲ್ಲಿರುವ 128 ಬಿಟ್‌ಗಳಿಗೂ ತಮ್ಮದೇ ವಿಳಾಸಗಳಿವೆ. ಉಳಿದಂತೆ ಬಿಟ್ ತನ್ನ ನೆರೆಹೊರೆಯ ಜೊತೆಯಲ್ಲೇ ಬದುಕಬೇಕು. 70ನೆಯ ಬಿಟ್ಟನ್ನು ‘ಹೌದು’ ಮಾಡು ಎಂದು ಜಾವಾದ ಬಿಟ್‌ಸೆಟ್‌ಗೆ ಹೇಳಿದಾಗ ಆಗುವುದನ್ನು ಹತ್ತಿರದಿಂದ ನೋಡಬಹುದು. ಒಳಗಿರುವುದು 64 ಬಿಟ್‌ಗಳ ವರ್ಡ್‌ಗಳ ಸಾಲು. 70ನ್ನು 64ರಿಂದ ಭಾಗಿಸಿದರೆ ಭಾಗಲಬ್ಧ 1, ಶೇಷ 6. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಇದು ಎರಡನೆಯ ವರ್ಡಿನ ಏಳನೆಯ ಸ್ಥಾನ. ಆ ಸ್ಥಾನದಲ್ಲಿ ಮಾತ್ರ 1 ಇರುವ ಸಂಖ್ಯೆ 64. ಇಡೀ ವರ್ಡನ್ನು ಎತ್ತಿ ತಂದು, 64ರ ಜೊತೆ ‘ಅಥವಾ’ ಕ್ರಿಯೆ ನಡೆಸಿ, ಮತ್ತೆ ಇಡೀ ವರ್ಡನ್ನೇ ವಾಪಸು ಇಡಲಾಗುತ್ತದೆ. ಒಂದು ಬಿಟ್ ಬದಲಾಗಬೇಕಾದರೆ ಮಿಕ್ಕ 63 ಬಿಟ್‌ಗಳೂ ಅದರ ಜೊತೆ ಹೋಗಿ ಬರಬೇಕು.

ನ್ಯಾಯಸೂತ್ರಗಳ ಎರಡನೆಯ ಅಧ್ಯಾಯದಲ್ಲಿ ಅವಯವಿಯ ಚರ್ಚೆ ಬರುತ್ತದೆ. ಅವಯವಗಳ, ಎಂದರೆ ಭಾಗಗಳ, ಆಚೆಗೆ ಅವಯವಿ, ಎಂದರೆ ಅವುಗಳಿಂದಾದ ಇಡೀ ವಸ್ತು, ನಿಜವಾಗಿ ಇದೆ ಎನ್ನುವುದು ನೈಯಾಯಿಕರ ಪಕ್ಷ. ಅದಕ್ಕೆ ಅವರು ಕೊಡುವ ಕಾರಣಗಳಲ್ಲಿ ಒಂದು ಹಿಡಿಯುವುದು ಮತ್ತು ಎಳೆಯುವುದು: ಒಂದು ಭಾಗವನ್ನು ಹಿಡಿದು ಎಳೆದರೆ ಇಡೀ ವಸ್ತುವೇ ಬರುತ್ತದೆ. ಇದಕ್ಕೆ ಎದುರಾಗಿ ಸೇನೆ ಮತ್ತು ಕಾಡಿನ ಉದಾಹರಣೆ ಬರುತ್ತದೆ. ದೂರದಿಂದ ಅವೂ ಒಂದೊಂದೇ ವಸ್ತುವಾಗಿ ಕಾಣುತ್ತವೆ. ಆದರೆ ಒಬ್ಬ ಸೈನಿಕನನ್ನು ಎಳೆದರೆ ಸೇನೆ ಹಿಂದೆ ಬರುವುದಿಲ್ಲ. ಈ ಒರೆಗಲ್ಲಿಗೆ ಹಚ್ಚಿದರೆ 64 ಬಿಟ್‌ಗಳ ವರ್ಡ್ ಅವಯವಿಯೆಂದೇ ತೇರ್ಗಡೆಯಾಗುತ್ತದೆ. ಪ್ರೋಗ್ರಾಮಿನ ಎರಡು ಥ್ರೆಡ್‌ಗಳು, ಎಂದರೆ ಜೊತೆಜೊತೆಗೆ ಓಡುವ ಎಳೆಗಳು, ಏಕಕಾಲಕ್ಕೆ 70 ಮತ್ತು 71ನೆಯ ಬಿಟ್‌ಗಳನ್ನು ಬದಲಿಸಲು ಹೋದರೆ ಇದರ ಬಿಸಿ ತಟ್ಟುತ್ತದೆ. ಇಬ್ಬರೂ ಹಳೆಯ ವರ್ಡನ್ನೇ ಎತ್ತಿಕೊಂಡಿದ್ದರೆ, ಕೊನೆಗೆ ವಾಪಸಿಟ್ಟವರ ಪ್ರತಿ ಮಾತ್ರ ಉಳಿದು ಮೊದಲಿನವರ ಬದಲಾವಣೆ ಅಳಿಸಿಹೋಗುತ್ತದೆ. ಅದಕ್ಕೇ 2011ರ ಸಿ ಪ್ಲಸ್ ಪ್ಲಸ್ ಮಾನಕವು ಒಂದೇ ಸಂಗ್ರಹದ ಬೇರೆ ಬೇರೆ ಅಂಗಗಳನ್ನು ಬೇರೆ ಥ್ರೆಡ್‌ಗಳು ಬದಲಿಸಬಹುದೆಂದು ಅಭಯ ಕೊಡುವಾಗ ವೆಕ್ಟರ್ ಬೂಲ್ ಅನ್ನು ಮಾತ್ರ ಹೊರಗಿಡುತ್ತದೆ.

ಬೌದ್ಧರ ಉತ್ತರ ಇದಕ್ಕೆ ವಿರುದ್ಧ. ಮಿಲಿಂದ ಪನ್ಹದಲ್ಲಿ ಭಿಕ್ಷು ನಾಗಸೇನ ರಾಜ ಮಿಲಿಂದನ ರಥವನ್ನೇ ಮುಂದಿಟ್ಟುಕೊಂಡು, ಅಚ್ಚು, ಗಾಲಿ, ನೊಗಗಳಲ್ಲಿ ಯಾವುದೂ ರಥವಲ್ಲ, ‘ರಥ’ವೆಂಬುದು ವ್ಯವಹಾರದ ಹೆಸರು ಮಾತ್ರ ಎಂದು ತೋರಿಸುತ್ತಾನೆ. ಮುಂದೆ ಧರ್ಮಕೀರ್ತಿ ಇನ್ನೂ ಹರಿತವಾದ ಆಕ್ಷೇಪ ಎತ್ತಿದ: ಕೈ ಅಲುಗಿ ಉಳಿದ ಮೈ ಅಲುಗದಿದ್ದರೆ ಒಂದೇ ಅವಯವಿ ಅಲುಗಿತೋ ಇಲ್ಲವೋ? ಪ್ರೋಗ್ರಾಮರ್ ಇದನ್ನು ಬೇರೆ ವೇಷದಲ್ಲಿ ಎದುರಿಸುತ್ತಾನೆ. 3 ಮತ್ತು 5ನೆಯ ಬಿಟ್‌ಗಳು ‘ಹೌದು’ ಇರುವ ಬಿಟ್‌ಸೆಟ್ಟನ್ನು ಜಾವಾದ ಹ್ಯಾಶ್‌ಸೆಟ್‌ಗೆ ಹಾಕಿ, ಆಮೇಲೆ ಅದರ 8ನೆಯ ಬಿಟ್ಟನ್ನೂ ‘ಹೌದು’ ಮಾಡಿದರೆ, ಅದೇ ಆಬ್ಜೆಕ್ಟನ್ನು ಹುಡುಕಿದಾಗ ‘ಇಲ್ಲ’ ಎಂಬ ಉತ್ತರ ಬರುತ್ತದೆ. ಹುಡುಕಲು ಬಳಸುವ ಹ್ಯಾಶ್ ಸಂಖ್ಯೆ ಬಿಟ್‌ಗಳಿಂದ ಹುಟ್ಟುವುದರಿಂದ, ಒಂದು ಅವಯವ ಅಲುಗಿದ್ದೇ ತಡ ಆಬ್ಜೆಕ್ಟಿನ ಗುರುತೇ ಬದಲಾಯಿತು. ಸಿ ಶಾರ್ಪ್‌ನ ಬಿಟ್‌ಅರೇಯಲ್ಲಿ ಹೀಗಾಗುವುದಿಲ್ಲ. ಅಲ್ಲಿ ಸಮಾನತೆಯನ್ನು ಅಳೆಯುವುದು ಆಬ್ಜೆಕ್ಟಿನಿಂದ, ಒಳಗಿನ ಬಿಟ್‌ಗಳಿಂದಲ್ಲ. ಒಂದು ಭಾಷೆ ಅವಯವಗಳ ಪಕ್ಷ ಹಿಡಿಯಿತು, ಇನ್ನೊಂದು ಅವಯವಿಯ ಪಕ್ಷ.

ವೆಕ್ಟರ್ ಬೂಲ್‌ನ ಕತೆ ಬೇರೆಯೇ. 1998ರ ಮಾನಕದಲ್ಲೇ ಸೇರಿದ ಈ ಕ್ಲಾಸ್, ಬೇರೆಲ್ಲ ವೆಕ್ಟರ್‌ಗಳಂತೆ ತನ್ನ ಅಂಗಕ್ಕೆ ನೇರ ನಿರ್ದೇಶ ಕೊಡಲಾರದು, ಏಕೆಂದರೆ ನಿರ್ದೇಶಿಸಲು ವಿಳಾಸವೇ ಇಲ್ಲ. ಬಿಟ್ ಕೇಳಿದರೆ ಒಬ್ಬ ಪ್ರತಿನಿಧಿಯನ್ನು ಕಳಿಸುತ್ತದೆ: ಯಾವ ವರ್ಡ್, ಅದರಲ್ಲಿ ಯಾವ ಸ್ಥಾನ ಎಂಬುದನ್ನು ಹೊತ್ತ ಪುಟ್ಟ ಆಬ್ಜೆಕ್ಟ್. ಸ್ಕಾಟ್ ಮೈಯರ್ಸ್ 2001ರ ‘ಎಫೆಕ್ಟಿವ್ ಎಸ್‌ಟಿಎಲ್’ ಪುಸ್ತಕದಲ್ಲಿ ಇದನ್ನು ಬಳಸಬೇಡಿ ಎಂದೇ ಬುದ್ಧಿ ಹೇಳಿದರು. ತತ್ತ್ವದ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದ್ದು ಕ್ರಮ ತಿರುಗುಮುರುಗಾಗಿರುವುದು. ನೈಯಾಯಿಕರಂತೆಯೇ ಅವಯವಿಯನ್ನು ಒಪ್ಪುವ ವೈಶೇಷಿಕರಲ್ಲಿ ನೂಲು ಮೊದಲು, ಬಟ್ಟೆ ಆಮೇಲೆ. ಇಲ್ಲಿ ಸಾಲು ಮೊದಲು ಇರುತ್ತದೆ. ಬಿಡಿ ಬಿಟ್ ಎಂಬ ಆಬ್ಜೆಕ್ಟ್ ಕೇಳಿದ ಗಳಿಗೆಯಲ್ಲಿ ಮೂಡಿ, ಕೆಲಸ ಮುಗಿದೊಡನೆ ಕರಗುತ್ತದೆ.

ಬಟ್ಟೆಯ ಉಪಮೆ ಇನ್ನೊಂದು ಕಡೆಯೂ ಸೋಲುತ್ತದೆ. ಬಟ್ಟೆಯಿಂದ ಒಂದು ನೂಲು ತೆಗೆದರೆ ಹಳೆಯ ಬಟ್ಟೆ ನಾಶವಾಗಿ ಖಂಡಪಟವೆಂಬ ಹೊಸದು ಹುಟ್ಟುತ್ತದೆ ಎನ್ನುವುದು ವೈಶೇಷಿಕ ಮತ. 64 ಬಿಟ್‌ಗಳಷ್ಟೇ ಜಾಗವಿರುವ ಬಿಟ್‌ಸೆಟ್‌ನಲ್ಲಿ 200ನೆಯ ಬಿಟ್ಟನ್ನು ‘ಹೌದು’ ಮಾಡಿದರೆ, ಒಳಗಿನ ವರ್ಡ್‌ಗಳ ಸಾಲನ್ನೇ ಬಿಸುಟು ದೊಡ್ಡದೊಂದನ್ನು ತಂದು ನಕಲು ಮಾಡಲಾಗುತ್ತದೆ. ನೂಲೆಲ್ಲ ಬದಲಾದರೂ ಹೊರಗಿನವರಿಗೆ ಅದೇ ಆಬ್ಜೆಕ್ಟ್.

ಈ ತೊಡಕಿಗೆ ಹೆಚ್ಚು ಒಗ್ಗುವ ಮಾತು ಹದಿಮೂರನೆಯ ಶತಮಾನದ ಉಡುಪಿಯ ಮಧ್ವರಲ್ಲಿ ಸಿಗುತ್ತದೆ. ನೈಯಾಯಿಕರು ಅವಯವ ಅವಯವಿಗಳನ್ನು ಬೆಸೆಯಲು ಸಮವಾಯ ಎಂಬ ಸಂಬಂಧವನ್ನು ತಂದರು. ಆ ಸಂಬಂಧವನ್ನು ಅವೆರಡಕ್ಕೂ ಬೆಸೆಯಲು ಇನ್ನೊಂದು ಸಂಬಂಧ, ಅದಕ್ಕೆ ಮತ್ತೊಂದು ಬೇಕಾಗುತ್ತದೆಂಬ ಕೊನೆಯಿಲ್ಲದ ಅನವಸ್ಥೆಯನ್ನು ಶಂಕರರು ತೋರಿಸಿದ್ದರು. ಮಧ್ವರೂ ಸಮವಾಯವನ್ನು ಒಪ್ಪಲಿಲ್ಲ. ವಸ್ತು ಇರುವಷ್ಟು ಕಾಲವೂ ಇರುವ ಧರ್ಮಕ್ಕೂ (ಗುಣಕ್ಕೂ) ವಸ್ತುವಿಗೂ ಅಭೇದ, ಬೇರೆಬೇರೆಯಾಗಿ ಮಾತಾಡಲು ಆಸರೆ ಕೊಡುವುದು ‘ವಿಶೇಷ’ ಎಂಬ ಶಕ್ತಿ; ಬಂದು ಹೋಗುವ ಧರ್ಮದ ಜೊತೆ ಭೇದಾಭೇದ ಎಂಬುದು ದ್ವೈತದ ನಿಲುವು. ಬಿಟ್ ಅರೇಯಲ್ಲಿ ಈ ಎರಡೂ ಎದುರೆದುರೇ ಇವೆ. 70 ಎಂಬ ಸ್ಥಾನ ಸಾಲಿನಿಂದ ಬೇರೆಯಾಗಿ ಎಲ್ಲೂ ಇಲ್ಲ, ಆದರೂ ಅದನ್ನು ಹೆಸರಿಸಿ ಕೇಳಬಹುದು. ಅದು ವಿಶೇಷದ ಕೆಲಸ. ಅಲ್ಲಿರುವ ಸೊನ್ನೆ ಅಥವಾ ಒಂದು ಬಂದು ಹೋಗುವಂಥದು. ಮಧ್ವರು ಕಂಪ್ಯೂಟರನ್ನು ಊಹಿಸಿದ್ದರೆಂದು ಇದರರ್ಥವಲ್ಲ; ಭಾಗವೆಂಬ ಮಾತನ್ನು ಅವರು ಅಷ್ಟು ಸೂಕ್ಷ್ಮವಾಗಿ ಸೀಳಿದ್ದರು, ಅಷ್ಟೆ.

ಉಳಿಯುವುದು ಅಭಾವದ, ಎಂದರೆ ಬಿಟ್ ಹೇಳುವ ‘ಅಲ್ಲ’ದ, ಪ್ರಶ್ನೆ. ನೈಯಾಯಿಕರಿಗೆ ಅಭಾವ ಯಾವಾಗಲೂ ಒಂದು ನೆಲೆಯ ಮೇಲಿನದು: ನೆಲದ ಮೇಲೆ ಮಡಕೆ ಇಲ್ಲ. ಮೀಮಾಂಸಕರಲ್ಲಿ ಪ್ರಾಭಾಕರರು ಬರಿಯ ನೆಲವೇ ಆ ಅಭಾವ ಎನ್ನುತ್ತಾರೆ. ಎರಡು ಪಕ್ಷಕ್ಕೂ ನೆಲ ಬೇಕೇ ಬೇಕು. ಸಿ ಶಾರ್ಪ್‌ನ ಬಿಟ್‌ಅರೇಯೂ ಹಾಗೆಯೇ: 100 ಬಿಟ್‌ಗಳ ಸಾಲಿನಲ್ಲಿ 1000ನೆಯದನ್ನು ಕೇಳಿದರೆ ತಪ್ಪೆಂದು ಹೇಳಿ ನಿಲ್ಲುತ್ತದೆ, ‘ಅಲ್ಲ’ ಎನ್ನುವುದಿಲ್ಲ. ಜಾವಾದ ಬಿಟ್‌ಸೆಟ್ ಮಾತ್ರ ಎಷ್ಟೇ ದೂರದ ಬಿಟ್ ಕೇಳಿದರೂ, ಅದಕ್ಕೆ ಮೆಮೊರಿಯಲ್ಲಿ ಜಾಗವೇ ಇರದಿದ್ದರೂ, ‘ಅಲ್ಲ’ ಎಂದು ಶಾಂತವಾಗಿ ಉತ್ತರಿಸುತ್ತದೆ. ಜಾಗವಿದ್ದು ಸೊನ್ನೆಯಾಗಿರುವುದಕ್ಕೂ ಜಾಗವೇ ಇಲ್ಲದ್ದಕ್ಕೂ ಅದು ಭೇದವೆಣಿಸುವುದಿಲ್ಲ. ಬೇರೆ ಬೇರೆ ಗಾತ್ರದ ಎರಡು ಬಿಟ್‌ಸೆಟ್‌ಗಳಲ್ಲಿ ‘ಹೌದು’ಗಳು ಒಂದೇ ಆಗಿದ್ದರೆ ಅವು ಸಮ. ಈ ಉದಾರತೆಗೆ ತೆರಬೇಕಾದ ಬೆಲೆಯೂ ಇದೆ. ಸಿ ಶಾರ್ಪ್‌ನಲ್ಲಿ ‘ನಾಟ್’ ಎಂಬ ಒಂದೇ ಮೆಥಡ್ ಸಾಲಿನ ಹೌದನ್ನೆಲ್ಲ ಅಲ್ಲವಾಗಿಸಿ, ಅಲ್ಲವನ್ನೆಲ್ಲ ಹೌದಾಗಿಸುತ್ತದೆ. ಜಾವಾದ ಬಿಟ್‌ಸೆಟ್‌ನಲ್ಲಿ ಅಂಥದ್ದಿಲ್ಲ: ಯಾವ ಬಿಟ್, ಅಥವಾ ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳಿಯೇ ತಿರುಗಿಸಬೇಕು.