ಚಂದಕ್ಕೊಂದು ನೆಪ

ಅರವತ್ತು ದಾಟಿದ ಹೆಂಗಸು ತಾನು ಚಂದ ಕಾಣಬೇಕು ಎಂದು ಬಾಯಿಬಿಟ್ಟು ಹೇಳುವಂತಿಲ್ಲ. ಮಂಡಿನೋವು ಎನ್ನಬಹುದು, ಸಕ್ಕರೆ ಜಾಸ್ತಿಯಾಗಿದೆ ಎನ್ನಬಹುದು, ಕಣ್ಣು ಕಾಣಿಸುತ್ತಿಲ್ಲ ಎನ್ನಬಹುದು. ಅವಕ್ಕೆಲ್ಲ ಮನೆಯವರು ಕಿವಿಗೊಡುತ್ತಾರೆ, ಮಗ ರಜೆ ಹಾಕುತ್ತಾನೆ, ಸೊಸೆ ಬುತ್ತಿ ಕಟ್ಟಿಕೊಡುತ್ತಾಳೆ. 'ನನ್ನ ಮುಖ ನನಗೇ ಸರಿಕಾಣುತ್ತಿಲ್ಲ' ಎಂದರೆ ಮಾತ್ರ ಎಲ್ಲರಿಗೂ ನಗು. ಊರು ಹೋಗು, ಕಾಡು ಬಾ ಅನ್ನುವ ವಯಸ್ಸಿನಲ್ಲಿ ಇದೆಂಥ ಶೋಕಿ! ಹೀಗಾಗಿ ಆಸೆಗೆ ಕಾಯಿಲೆಯ ವೇಷ ಹಾಕಿಸಿ ಆಸ್ಪತ್ರೆಗೆ ಕರೆದೊಯ್ಯುವುದು ನಮ್ಮಲ್ಲಿ ರೂಢಿ. ಇದರಿಂದ ಯಾರಿಗೇನು ನಷ್ಟ ಎಂದು ನಾನೂ ಅಂದುಕೊಂಡಿದ್ದವನೇ. ನಮ್ಮ ಅತ್ತಿಯ ಬಲಗಣ್ಣಿನ ಪ್ರಕರಣ ನೋಡಿದ ಮೇಲೆ, ಆ ವೇಷ ಕತ್ತರಿ ಬೀಳುವ ಜಾಗವನ್ನೇ ಬದಲಿಸಬಲ್ಲದು ಎಂದು ತಿಳಿಯಿತು.

ಅತ್ತಿ ಮಡಗಾಂವಿನಲ್ಲಿ ಬಳೆ ಮಾರುತ್ತಾಳೆ. ಅಲ್ಲಿನ ಗಾಂಧಿ ಮಾರ್ಕೆಟ್‌ನಲ್ಲಿ ಕನ್ನಡ ಕಿವಿಗೆ ಬೀಳದೆ ಒಂದು ಸುತ್ತು ಹಾಕುವುದು ಕಷ್ಟ. ಬೆಳಗಾವಿಯಿಂದ ಬಂದ ತರಕಾರಿಯ ಹಿಂದೆ ಧಾರವಾಡ, ಗದಗ, ಬಾಗಲಕೋಟೆ ಕಡೆಯ ಜನವೂ ಬಂದು ನೆಲೆಸಿ ತಲೆಮಾರು ಕಳೆದಿದೆ. ಗೋವೆಯ ಕ್ರಿಶ್ಚಿಯನ್ ಮದುಮಗಳಿಗೆ ಮದುವೆಗೆ ಮೊದಲು ಸೋದರಮಾವನ ಮನೆಯಲ್ಲಿ ಹಸಿರು, ಹಳದಿ ಗಾಜಿನ ಬಳೆ ತೊಡಿಸುವ ಶಾಸ್ತ್ರವಿದೆ, ಅದಕ್ಕೆ ಚೂಡೊ ಎನ್ನುತ್ತಾರೆ. ಅಂಗೈ ಹಿಂಡಿ, ಹೆಬ್ಬೆರಳು ಒಳಗೆ ಮಡಿಚಿ, ಒಂದೂ ಒಡೆಯದಂತೆ ಬಳೆ ಏರಿಸಬೇಕು. ಅತ್ತಿಗೆ ಆ ಕೈ ಇದೆ. ಆದರೆ ಪೊರೆ ತೆಗೆಸಿಕೊಂಡ ಕೆಲವು ವರ್ಷಕ್ಕೆ ಅವಳ ಬಲಗಣ್ಣಿನ ರೆಪ್ಪೆ ಇಳಿಯತೊಡಗಿತು. ಮದುವೆಮನೆಯ ಹುಡುಗಿಯರು 'ಮಾವಶಿ, ನಿದ್ದೆ ಬಂತಾ?' ಎಂದು ಕೊಂಕಣಿಯಲ್ಲಿ ಕೇಳುತ್ತಿದ್ದರು. ಫೋಟೊ ತೆಗೆಯುವಾಗ ಅತ್ತಿ ಹುಬ್ಬು ಮೇಲೇರಿಸಿ ನಿಲ್ಲುವುದನ್ನು ಕಲಿತಳು. ಹಣೆಯ ಮೇಲೆ ಮೂರು ಗೆರೆ ಬಿದ್ದವು, ಸಂಜೆಯಾದರೆ ಹಣೆ ನೋವು.

ರೆಪ್ಪೆ ಜೋತುಬೀಳುವುದಕ್ಕೆ ವೈದ್ಯರು ಟೋಸಿಸ್ ಎನ್ನುತ್ತಾರೆ. ಕಣ್ಣಿಗೆ ಟಾರ್ಚ್ ಬಿಟ್ಟರೆ ಪಾಪೆಯ ನಡುವೆ ಒಂದು ಬೆಳಕಿನ ಚುಕ್ಕೆ ಕಾಣುತ್ತದಲ್ಲ, ಅಲ್ಲಿಂದ ಮೇಲಿನ ರೆಪ್ಪೆಯಂಚಿಗೆ ಸಾಮಾನ್ಯವಾಗಿ 4-5 ಮಿಲಿಮೀಟರ್ ಅಂತರ. ಅತ್ತಿಗೆ ಎರಡು ಮಾತ್ರ ಉಳಿದಿತ್ತು. ವಯಸ್ಸಾದವರಲ್ಲಿ ರೆಪ್ಪೆ ಎತ್ತುವ ಸ್ನಾಯು ಬಹುಮಟ್ಟಿಗೆ ಗಟ್ಟಿಯಾಗಿಯೇ ಇರುತ್ತದೆ. ಅದನ್ನು ರೆಪ್ಪೆಗೆ ಕಟ್ಟಿಹಿಡಿದ ತೆಳು ಪಟ್ಟಿ ಮಾತ್ರ ಲಂಗದ ಲಾಡಿಯಂತೆ ಸಡಿಲಾಗಿರುತ್ತದೆ. ವರ್ಷಗಟ್ಟಲೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿದವರಿಗೂ, ಪೊರೆಯ ಆಪರೇಷನ್ ಆದವರಿಗೂ ಹೀಗಾಗುವುದುಂಟು. ಇನ್ನು ಕೆಲವರಲ್ಲಿ ರೆಪ್ಪೆ ತನ್ನ ಜಾಗದಲ್ಲೇ ಇದ್ದು, ಅದರ ಮೇಲಿನ ಚರ್ಮ ಮಡಿಕೆಯಾಗಿ ಕೆಳಗಿಳಿದಿರುತ್ತದೆ. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಅತ್ತಿಗೆ ಎರಡೂ ಇತ್ತು.

ಮಗ ಮೊದಲು ವಿಚಾರಿಸಿದ್ದು ಖರ್ಚನ್ನು. ಅದು ತಪ್ಪಲ್ಲ, ದುಡಿದು ತಿನ್ನುವ ಮನೆ. ಚಂದಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ನೋಟಕ್ಕೆ ಅಡ್ಡ ಬರುತ್ತಿದೆ ಎಂದು ಸಾಬೀತಾದರೆ ಲೆಕ್ಕ ಬೇರೆ. ಆ ಸಾಬೀತಿಗೊಂದು ಪರೀಕ್ಷೆ ಇದೆ. ಬೋಗುಣಿಯಂಥ ಯಂತ್ರದೊಳಗೆ ಗದ್ದ ಇಟ್ಟು ಕುಳಿತರೆ ಬೆಳಕಿನ ಚುಕ್ಕೆಗಳು ಅಲ್ಲಲ್ಲಿ ಮಿನುಗುತ್ತವೆ, ಕಂಡಾಗ ಗುಂಡಿ ಒತ್ತಬೇಕು. ಒಮ್ಮೆ ರೆಪ್ಪೆ ಇದ್ದ ಹಾಗೆಯೇ, ಇನ್ನೊಮ್ಮೆ ಅದನ್ನು ಟೇಪಿನಿಂದ ಮೇಲಕ್ಕೆ ಅಂಟಿಸಿ. ಎರಡರ ವ್ಯತ್ಯಾಸವೇ ರೆಪ್ಪೆ ನುಂಗಿದ ನೋಟ. 'ಕಾಣಸಂಗಿಲ್ಲ ಅಂತ ಹೇಳವ್ವಾ, ಮ್ಯಾಲಿಂದು ಏನೂ ಕಾಣಸಂಗಿಲ್ಲ ಅನ್ನು' ಎಂದು ಮಗ ಆಸ್ಪತ್ರೆಯ ದಾರಿಯುದ್ದಕ್ಕೂ ಪಾಠ ಹೇಳಿಕೊಟ್ಟ. ಅವಳು ಹಾಗೆಯೇ ಹೇಳಿದಳು, ಗುಂಡಿಯನ್ನೂ ಕೊಂಚ ನಿಧಾನವಾಗಿಯೇ ಒತ್ತಿರಬೇಕು.

ಕಾಣುವುದಿಲ್ಲ ಎಂದವಳಿಗೆ ಕಾಣಿಸುವಂತೆ ಮಾಡುವುದು ವೈದ್ಯರ ಧರ್ಮ. ನೋಟದ ಮೇಲ್ಭಾಗಕ್ಕೆ ಅಡ್ಡ ನಿಂತದ್ದು ಮುಖ್ಯವಾಗಿ ಜೋತ ಚರ್ಮ. ಹೆಚ್ಚಿನ ಚರ್ಮ ಕತ್ತರಿಸಿ ತೆಗೆಯೋಣ, ಎರಡೂ ಕಣ್ಣಿಗೆ, ಎಂದು ಅಲ್ಲಿ ತೀರ್ಮಾನವಾಯಿತು. ಹೇಳಿದ ದೂರಿಗೆ ಸರಿಯಾದ ಪರಿಹಾರವೇ ಅದು. ಆದರೆ ಅವಳ ದೂರು ಬೇರೆ ಇತ್ತು. ಚರ್ಮ ತೆಗೆದರೂ ಬಲರೆಪ್ಪೆ ಅಷ್ಟೇ ಇಳಿದಿರುತ್ತಿತ್ತು, ಹುಡುಗಿಯರು ಅದೇ ಪ್ರಶ್ನೆ ಕೇಳುತ್ತಿದ್ದರು.

ಬೇಕಾದದ್ದನ್ನು ಹೇಳದ ಈ ಮೌನಕ್ಕೊಂದು ಹಳೆಯ ಕಾರಣವೂ ಇದೆ. ಬಾಗಲಕೋಟೆ ಸೀಮೆಯ ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಹೂಡಿ, ಒಂದೇ ದಿನದಲ್ಲಿ ನೂರಾರು ಜನರ ಪೊರೆ ತೆಗೆಯುತ್ತಿದ್ದರು. ಅತ್ತಿಯ ಓರಗೆಯವರಿಗೆ ಕಣ್ಣಿನ ಆಪರೇಷನ್ ಎಂದರೆ ಇಂದಿಗೂ ಆ ಶಿಬಿರಗಳೇ. ಅಲ್ಲಿ 'ನಿಮಗೆ ಇದು ಯಾಕೆ ಬೇಕು?' ಎಂದು ಕೇಳುವ ಪ್ರಸಂಗವೇ ಇರಲಿಲ್ಲ. ಕುರುಡು ಎದುರಿಗೇ ಕೂತಿರುತ್ತಿತ್ತು, ಕಳೆದರೆ ಸಾಕಿತ್ತು. ಅಂಥ ದೊಡ್ಡ ಕೆಲಸದ ನೆನಪು ನಮ್ಮಲ್ಲಿ ಒಂದು ಅಭ್ಯಾಸವನ್ನೂ ಬಿಟ್ಟುಹೋಗಿದೆ ಅನಿಸುತ್ತದೆ: ವೈದ್ಯರ ಮುಂದೆ ನಮಗೆ ಬೇಕಾದದ್ದನ್ನು ಹೇಳುವುದು ಉದ್ಧಟತನ, 'ನೀವು ಹೆಂಗ ಹೇಳ್ತೀರೋ ಹಂಗ್ರಿ' ಎನ್ನುವುದು ವಿನಯ. ಪೊರೆಗೆ ಆ ವಿನಯ ಸಾಲುತ್ತಿತ್ತು. ರೆಪ್ಪೆಗೆ ಸಾಲದು.

ರೆಪ್ಪೆಯ ವಿಷಯದಲ್ಲೂ ಆಯ್ಕೆಗೆ ಆಸ್ಪದವಿಲ್ಲದ ಸಂದರ್ಭಗಳಿವೆ. ಹುಟ್ಟಿನಿಂದಲೇ ರೆಪ್ಪೆ ಪಾಪೆಯನ್ನು ಮುಚ್ಚಿದ್ದರೆ ಮಗುವಿನ ಮಿದುಳು ಆ ಕಣ್ಣಿನಿಂದ ನೋಡುವುದನ್ನೇ ಕಲಿಯುವುದಿಲ್ಲ, ದೊಡ್ಡದಾದ ಮೇಲೆ ನೋಡೋಣ ಎನ್ನುವಂತಿಲ್ಲ. ಎತ್ತುವ ಸ್ನಾಯುವಿಗೇ ಬಲವಿಲ್ಲದಿದ್ದರೆ ರೆಪ್ಪೆಯನ್ನು ಸಿಲಿಕೋನ್ ದಾರದಿಂದಲೋ ತೊಡೆಯಿಂದ ತೆಗೆದ ಪಟ್ಟಿಯಿಂದಲೋ ಹುಬ್ಬಿಗೆ ತೂಗುಹಾಕಬೇಕು. ಇದ್ದಕ್ಕಿದ್ದಂತೆ ರೆಪ್ಪೆ ಬಿದ್ದು, ಎರಡೆರಡು ಕಂಡು, ಪಾಪೆ ದೊಡ್ಡದಾದರೆ ಅದು ಮಿದುಳಿನ ರಕ್ತನಾಳದ ಅಪಾಯದ ಸೂಚನೆಯಿರಬಹುದು, ತಕ್ಷಣ ದೊಡ್ಡಾಸ್ಪತ್ರೆಗೆ ಓಡಬೇಕು. ಬೆಳಗ್ಗೆ ಸರಿಯಿದ್ದು ಸಂಜೆಗೆ ಇಳಿಯುವ ರೆಪ್ಪೆಗೆ ಮಯಸ್ತೇನಿಯಾ ಎಂಬ ಸ್ನಾಯು ಸೋಲುವ ಕಾಯಿಲೆ ಇದೆಯೇ ಎಂದು ಮೊದಲು ನೋಡಬೇಕು. ಇದ್ದರೆ ಮೊದಲ ಮದ್ದು ಗುಳಿಗೆ, ಕತ್ತರಿಯಲ್ಲ.

ಚರ್ಮ ಕತ್ತರಿಸುವ ಮೊದಲು ಇನ್ನೊಬ್ಬರನ್ನು ಕೇಳೋಣವೆಂದು ಅತ್ತಿಯನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದದ್ದು ನಾನು. ದೂಧಸಾಗರದ ಪಕ್ಕದಿಂದ ಘಟ್ಟ ಹತ್ತಿ ಲೋಂಡಾ ದಾಟುವ ರೈಲು. ಅಲ್ಲಿನ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು. ಹೆಬ್ಬೆರಳಿನಿಂದ ಅವಳ ಹುಬ್ಬನ್ನು ಒತ್ತಿಹಿಡಿದು, ಕೆಳಗೆ ನೋಡ್ರಿ, ಮೇಲೆ ನೋಡ್ರಿ ಎನ್ನುತ್ತ ಸ್ಕೇಲ್ ಹಿಡಿದು ಅಳೆದರು. ರೆಪ್ಪೆ 13 ಮಿಲಿಮೀಟರ್ ಓಡಾಡಿತು. ಸ್ನಾಯು ಗಟ್ಟಿಯಿದೆ ಎಂದರ್ಥ. ಆಮೇಲೆ ಫಿನೈಲೆಫ್ರಿನ್ ಹನಿ ಹಾಕಿ ಕೂರಿಸಿದರು. ರೆಪ್ಪೆಯ ಒಳಮೈಯಲ್ಲಿ ಮುಲ್ಲರ್ ಎಂಬ ಪುಟ್ಟ ಸ್ನಾಯುವಿದೆ, ಅದು ಈ ಹನಿಗೆ ಬಿಗಿಯುತ್ತದೆ. ಐದಾರು ನಿಮಿಷದಲ್ಲಿ ಅತ್ತಿಯ ಬಲಗಣ್ಣು ತೆರೆಯಿತು. ಡಾಕ್ಟರು ಕೈಗೆ ಕನ್ನಡಿ ಕೊಟ್ಟರು. ಅವಳು ಕನ್ನಡಿಯನ್ನು ದೂರ ಹಿಡಿದು, ಹತ್ತಿರ ತಂದು, ಓರೆಯಾಗಿಸಿ ನೋಡಿ, 'ಅಯ್ಯ, ಇದು ನಾನss' ಎಂದಳು.

'ಅಮ್ಮಾರ, ನಿಮಗ ಏನ ಬೇಕ್ರಿ?'

ಅತ್ತಿ ನನ್ನ ಮುಖ ನೋಡಿದಳು. ಮಗನ ಪಾಠ ನೆನಪಾಗಿರಬೇಕು. ಆಮೇಲೆ, 'ಕಣ್ಣು ಕಾಣತಾವ್ರಿ. ಮಂದಿ ನಿದ್ದಿಗೇಡಿ ಅಂದಂಗ ಆಗ್ತದ, ಅದ ಬ್ಯಾಡ ನನಗ. ನಮ್ಮವ್ವನ ಗತೆ ಸುಕ್ಕು ಅದಾವಲ್ರಿ, ಅವು ಇರಲಿ' ಎಂದಳು.

ಅಲ್ಲಿಂದ ಆಯ್ಕೆ ಸ್ಪಷ್ಟವಾಯಿತು. ರೆಪ್ಪೆಯ ಮಡಿಕೆಯಲ್ಲಿ ಹೊರಗಿನಿಂದ ಕೊಯ್ದು ಸಡಿಲಾದ ಪಟ್ಟಿಯನ್ನು ಬಿಗಿಗೊಳಿಸುವುದು ಒಂದು ದಾರಿ. ಜೊತೆಗೇ ಚರ್ಮವನ್ನೂ ತೆಗೆಯಬಹುದು. ರೋಗಿಯನ್ನು ಎಚ್ಚರದಲ್ಲೇ ಎಬ್ಬಿಸಿ ಕೂರಿಸಿ, ಕಣ್ಣು ತೆರೆಸಿ, ಎತ್ತರ ನೋಡಿ ಹೊಲಿಗೆ ಸರಿಪಡಿಸಬಹುದು. ಇನ್ನೊಂದು ದಾರಿ, ರೆಪ್ಪೆ ಮಗುಚಿ ಒಳಗಿನಿಂದಲೇ ಮುಲ್ಲರ್ ಸ್ನಾಯುವನ್ನು ಮೊಟಕುಗೊಳಿಸುವುದು. 1975ರಲ್ಲಿ ಅಮೆರಿಕದ ಪಟರ್‌ಮನ್ ಮತ್ತು ಯೂರಿಸ್ಟ್ ಪ್ರಕಟಿಸಿದ ವಿಧಾನ ಇದು. ಹೊರಗೆ ಗಾಯವಿಲ್ಲ. ಹನಿ ತೋರಿಸಿದ ಎತ್ತರಕ್ಕೆ ಹೆಚ್ಚುಕಡಿಮೆ ಹತ್ತಿರ ಬರುತ್ತದೆ. ಆದರೆ ಏರಿಸಬಹುದಾದದ್ದು ಎರಡು ಮಿಲಿಮೀಟರ್ ಆಸುಪಾಸು, ಸುಕ್ಕು ಇದ್ದಲ್ಲೇ ಇರುತ್ತದೆ. ಸುಕ್ಕು ಇರಲಿ ಎಂದವಳಿಗೆ ಅದು ಕೊರತೆಯೇ ಅಲ್ಲ. ಹೊರಗಿನ ದಾರಿ ಕೀಳು ಎಂದೇನಲ್ಲ. ಹನಿಗೆ ರೆಪ್ಪೆ ಏಳದವರಿಗೆ ಅದೇ ಸರಿ. ತೀರ್ಪು ಕೊಟ್ಟದ್ದು ಕತ್ತರಿಗಳ ಗುಣಾವಗುಣವಲ್ಲ, ಅವಳ ಆ ಒಂದು ಮಾತು.

ಡಾಕ್ಟರು ಎರಡು ಎಚ್ಚರಿಕೆ ಕೊಟ್ಟರು. ಅತಿಯಾಗಿ ಎತ್ತಿದರೆ ನಿದ್ದೆಯಲ್ಲಿ ಕಣ್ಣು ಪೂರ್ತಿ ಮುಚ್ಚದೆ ಒಣಗುತ್ತದೆ, ಆದ್ದರಿಂದ ಆಸೆಗೊಂದು ಮಿತಿ ಬೇಕು. ಎರಡನೆಯದು ನನಗೆ ಹೊಸದು. ಎರಡೂ ರೆಪ್ಪೆಗಳಿಗೆ ಮಿದುಳು ಒಂದೇ ಆಜ್ಞೆ ಕಳಿಸುತ್ತದೆ, ಹೆರಿಂಗ್ ನಿಯಮ ಎನ್ನುತ್ತಾರೆ. ಬಿದ್ದ ರೆಪ್ಪೆಯನ್ನು ಎತ್ತಲು ಮಿದುಳು ಜೋರು ಮಾಡುವಾಗ ಇನ್ನೊಂದೂ ಆ ಬಲದ ಮೇಲೆಯೇ ನಿಂತಿರುತ್ತದೆ. ಬಿದ್ದದ್ದನ್ನು ಸರಿಮಾಡಿದೊಡನೆ ಜೋರು ತಗ್ಗಿ, ಆ ಇನ್ನೊಂದು ಇಳಿಯಬಹುದು. ಅತ್ತಿ ಒಂದೇ ಕಣ್ಣಿಗೆ ಸಾಕು ಎಂದಳು. ವಿಮೆಯ ಕಾಗದ ಬೇಡವಾಯಿತು. ದಿನಾ ಅಂಗಡಿ ಮುಚ್ಚುವಾಗ ಪಿಗ್ಮಿ ಏಜೆಂಟನ ಕೈಗೆ ಹಾಕಿದ ದುಡ್ಡು ಅವಳ ಹೆಸರಿನಲ್ಲೇ ಇತ್ತು.

ಚಂದಕ್ಕೆ ಖರ್ಚು ಮಾಡಿದ್ದಕ್ಕೆ ಮಗ ವಾರಗಟ್ಟಲೆ ಮುಖ ಊದಿಸಿಕೊಂಡಿದ್ದ. ಯಾರಾದರೂ ಕೇಳಿದರೆ 'ಅವ್ವಗ ಕಣ್ಣು ಕಾಣತಿದ್ದಿಲ್ಲ' ಎಂದೇ ಈಗಲೂ ಹೇಳುತ್ತಾನೆ, ಅತ್ತಿ ಪಕ್ಕದಲ್ಲೇ ಕೂತು 'ಸುಳ್ಳ' ಎನ್ನುತ್ತಾಳೆ. ಡಾಕ್ಟರು ಹೇಳಿದಂತೆ ಎಡರೆಪ್ಪೆ ಒಂದಿಷ್ಟು ಇಳಿದಿದೆ. ಅದನ್ನೂ ಮಾಡಿಸಿಬಿಡು ಎಂದು ಈಗ ಅವಸರಿಸುತ್ತಿರುವವನು ಮಗನೇ. ಅವಳು ಒಪ್ಪಿಲ್ಲ. ಜನವರಿಯಲ್ಲಿ ಮದುವೆಗಳಿವೆ, ಚೂಡೊಗೆ ಮುಂಗಡ ಹಿಡಿದಾಗಿದೆ. ಕಾರ್ನಿವಲ್ ಮುಗಿದು ಲೆಂಟಿನ ಉಪವಾಸ ಶುರುವಾದರೆ ಮದುವೆಗಳು ನಿಲ್ಲುತ್ತವೆ, ಬೇಕನ್ನಿಸಿದರೆ ಆಗ ನೋಡೋಣ ಎಂದಿದ್ದಾಳೆ.