ಕಲಾಯಿಯೂ ಗಿಲೀಟೂ

ಹಳೆಯದನ್ನು ಎತ್ತಿ ನಿಲ್ಲಿಸುವುದು ಹೊಸದನ್ನು ಕಟ್ಟುವುದಕ್ಕಿಂತ ಹೆಚ್ಚಿನ ಪುಣ್ಯವೆಂದು ನಮ್ಮ ಹಿರಿಯರು ನಂಬಿದ್ದರು. ಕೆರೆಯ ಹೂಳು ತೆಗೆಸಿದವನನ್ನೂ ಬಿದ್ದ ಗುಡಿಯ ಗೋಡೆಯನ್ನು ಮರಳಿ ನಿಲ್ಲಿಸಿದವನನ್ನೂ ನಮ್ಮ ಶಾಸನಗಳು ಕೊಂಡಾಡುತ್ತವೆ. ಜೀರ್ಣೋದ್ಧಾರವೆಂಬ ಮಾತಿನಲ್ಲಿಯೇ ಒಂದು ಗೌರವವಿರುವುದು. ಆದರೆ ಜೀರ್ಣವಾದ ವಸ್ತುವನ್ನು ಉದ್ಧರಿಸುವ ಕೆಲಸವು ಎಲ್ಲಿಗೆ ಮುಗಿಯುತ್ತದೆ, ಅದರ ಮೇಲೆ ಒಂದು ಸುಳ್ಳನ್ನು ಹೊದಿಸುವ ಕೆಲಸವು ಎಲ್ಲಿಂದ ಮೊದಲಾಗುತ್ತದೆ ಎಂಬ ಪ್ರಶ್ನೆಯನ್ನು ನಾನು ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ ಕಾಲದಲ್ಲಿ ಒಮ್ಮೆಯೂ ಆಲೋಚಿಸಿದವನಲ್ಲ. ಅದನ್ನು ನನ್ನ ಮುಂದೆ ತಂದಿಟ್ಟದ್ದು ಒಂದು ಬೈಸಿಕಲ್ಲು. ವಾಚಕರು ನಗಬಾರದು. ನ್ಯಾಯಶಾಸ್ತ್ರಕ್ಕೆ ಒಂದು ಮಣ್ಣಿನ ಗಡಿಗೆ ಸಾಕಾಗಿರುವಾಗ ನನ್ನಂಥವನಿಗೆ ಬೈಸಿಕಲ್ಲು ಸಾಲದೆಂದು ಯಾರೂ ಹೇಳಲಾರರು.

ನನ್ನ ಹಳೆಯ ಶಿಷ್ಯನೊಬ್ಬನು ನಮ್ಮೂರಿನ ಬಸ್ ನಿಲ್ದಾಣದ ಹಿಂದೆ ಸೈಕಲ್ ಷಾಪು ಇಟ್ಟುಕೊಂಡಿದ್ದಾನೆ. ಶಬ್ದರೂಪಗಳು ಅವನ ತಲೆಗೆ ಹತ್ತಲಿಲ್ಲ. ಆದರೆ ಕೈಯಲ್ಲಿ ಸರಸ್ವತಿಯಿದ್ದಳು. ಈಚಿನ ವರ್ಷಗಳಲ್ಲಿ ದೊಡ್ಡ ಊರುಗಳ ಅನುಕೂಲಸ್ಥರಲ್ಲಿ ಹಳೆಯ ಇಂಗ್ಲಿಷ್ ಬೈಸಿಕಲ್ಲುಗಳನ್ನು ಸಂಗ್ರಹಿಸುವ ಹವ್ಯಾಸ ಬೆಳೆದಿರುವುದರಿಂದ ಅವನಿಗೆ ದೂರದಿಂದಲೂ ಕೆಲಸ ಬರುತ್ತದೆ. ಕಳೆದ ಮಳೆಗಾಲದಲ್ಲಿ ಬೆಂಗಳೂರಿನ ಗೃಹಸ್ಥರೊಬ್ಬರು ಪಂದ್ಯದ ಬೈಸಿಕಲ್ಲಿನ ಒಂದು ಫ್ರೇಮನ್ನು ಕಳುಹಿಸಿದರು. ೧೯೬೦ಕ್ಕೆ ಹಿಂದಿನದು, ಸಾಧಾರಣ ಬೈಸಿಕಲ್ಲಿನಂತೆ ಕಪ್ಪು ಎನಾಮೆಲ್ ಬಳಿದದ್ದಲ್ಲ, ಕೊಳವೆಗಳೆಲ್ಲ ಪೂರ್ತಿಯಾಗಿ ಕ್ರೋಮಿಯಂ ಹೊದ್ದದ್ದು. ಈಗ ಆ ಹೊದಿಕೆ ಅಲ್ಲಲ್ಲಿ ಸುಲಿದು, ಸಿಡುಬಿನ ಕಲೆಗಳಂತೆ ತುಕ್ಕು ಎದ್ದಿತ್ತು. ಅದನ್ನು ಕಾರ್ಖಾನೆಯಿಂದ ಬಂದ ದಿನದಂತೆ ಮಾಡಿಕೊಡಬೇಕು, ಹೇಗೆ ಮಾಡಿದಿರೆಂದು ಮುಂದೆ ಕೊಳ್ಳುವವರಿಗೆ ತಿಳಿಯಬೇಕಾದ್ದಿಲ್ಲ, ಎಂದು ಆ ಗೃಹಸ್ಥರ ಅಪ್ಪಣೆ.

ಒಂದು ಸಂಜೆ ಶಿಷ್ಯನು ನಮ್ಮ ಮನೆಯ ಜಗಲಿಯಲ್ಲಿ ಬಂದು ಕುಳಿತನು.

"ಮೇಷ್ಟ್ರೇ, ಎರಡು ದಾರಿ ಇದೆ. ಕ್ರೋಮಿಯಂ ತೊಟ್ಟಿಗೆ ಹಾಕಿಸಿದರೆ ನಿಜವಾದ ಕೆಲಸ. ಆದರೆ ದುಬಾರಿ, ಕೊಳವೆಗೂ ಅಪಾಯ. ಈಗ ಕ್ರೋಮಿಯಮ್ಮಿನ ಹಾಗೆಯೇ ಕಾಣುವ ಲೇಪ ಬಂದಿದೆ. ನಾನೇ ಹಾಕಬಲ್ಲೆ. ಮೂರು ಮಾರು ದೂರದಿಂದ ನನಗೂ ಗುರುತು ಸಿಕ್ಕುವುದಿಲ್ಲ. ಹಾಕಲೋ ಬೇಡವೋ ಹೇಳಿ."

"ಇದರಲ್ಲಿ ಕೇಳುವುದೇನಪ್ಪ? ಸುಳ್ಳು ಕೆಲಸ ಬೇಡ," ಎಂದೆ. ಅಧ್ಯಾಪಕರಿಗೆ ಉತ್ತರವು ಬಹು ಬೇಗ ಹೊಳೆಯುತ್ತದೆ.

ಅವನು ಎದ್ದು ಹೋಗಲಿಲ್ಲ. ಅವನು ಮುಂದೆ ಹೇಳಿದ್ದನ್ನು ತಿಳಿಯಬೇಕಾದರೆ ಈ ಲೋಹದ ವೃತ್ತಾಂತವನ್ನು ಸ್ವಲ್ಪ ತಿಳಿಯಬೇಕು. ಕ್ರೋಮಿಯಮ್ಮನ್ನು ೧೭೯೭ರಲ್ಲಿ ವೋಕ್ಲ್ಯಾ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞನು ಸೈಬೀರಿಯದಿಂದ ಬಂದ ಕೆಂಪು ಸೀಸದ ಅದಿರಿನಲ್ಲಿ ಪತ್ತೆಹಚ್ಚಿದನು. ಗ್ರೀಕ್ ಭಾಷೆಯಲ್ಲಿ ಕ್ರೋಮವೆಂದರೆ ಬಣ್ಣ. ಮಾಣಿಕ್ಯದ ಕೆಂಪೂ ಪಚ್ಚೆಯ ಹಸುರೂ ಇದರ ಅಲ್ಪಾಂಶದಿಂದಲೇ ಬರುವುವು. ಬಣ್ಣವೆಂದೇ ಹೆಸರು ಪಡೆದ ವಸ್ತುವು ತನಗೆ ತಾನೇ ಬಣ್ಣವಿಲ್ಲದ ಬರಿಯ ಹೊಳಪಾಗಿರುವುದು ಒಂದು ವಿನೋದ. ಇದರ ಅದಿರು ನಮಗೆ ದೂರದ್ದೇನೂ ಅಲ್ಲ. ಹಾಸನ ಜಿಲ್ಲೆಯ ನುಗ್ಗೇಹಳ್ಳಿಯ ಸೀಮೆಯಲ್ಲಿ, ಬೈರಾಪುರದಲ್ಲಿ, ಗಣಿ ತೋಡಿ ತೆಗೆದಿದ್ದಾರೆ.

ವಿದ್ಯುತ್ತಿನಿಂದ ಈ ಲೋಹವನ್ನು ಮತ್ತೊಂದರ ಮೇಲೆ ಕೂರಿಸುವ ಕ್ರಮವು ವ್ಯಾಪಾರಕ್ಕೆ ಒದಗಿದ್ದು ೧೯೨೦ರ ದಶಕದಲ್ಲಿ, ಅಮೆರಿಕದ ಕೊಲಂಬಿಯ ವಿಶ್ವವಿದ್ಯಾನಿಲಯದ ಫಿಂಕ್ ಮೊದಲಾದವರ ಪ್ರಯತ್ನದ ತರುವಾಯ. ಅದಕ್ಕೆ ಮುಂಚೆ ಬೈಸಿಕಲ್ಲಿನ ಹೊಳಪೆಲ್ಲ ನಿಕ್ಕಲಿನದು. ನಿಕ್ಕಲಿನ ಬಿಳುಪಿನಲ್ಲಿ ಕೊಂಚ ಹಳದಿಯ ಛಾಯೆ, ಕ್ರೋಮಿಯಮ್ಮಿನದರಲ್ಲಿ ನೀಲಿಯ ಛಾಯೆ. ಆದ್ದರಿಂದ ೧೯೧೦ರ ಬೈಸಿಕಲ್ಲಿಗೆ ಕ್ರೋಮಿಯಂ ಹಾಕಿಸಿ 'ಮೊದಲಿನಂತೆ ಮಾಡಿದೆವು' ಎನ್ನುವವರು ಅದಕ್ಕೆ ಎಂದೂ ಇಲ್ಲದ ಯೌವನವನ್ನು ಕೊಟ್ಟಂತಾಯಿತು. (ತಲೆಗೂದಲಿನ ವಿಷಯವನ್ನು ನಾನಿಲ್ಲಿ ಎತ್ತುವುದಿಲ್ಲ, ನಮ್ಮ ಸಂಘದಲ್ಲಿಯೇ ನನಗೆ ಶತ್ರುಗಳಾಗುವರು.)

ಇನ್ನೊಂದು ಸಂಗತಿ ನನಗೆ ಬೆರಗನ್ನುಂಟುಮಾಡಿತು. ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತಾರೆ. ಅಲಂಕಾರದ ಕ್ರೋಮಿಯಂ ಪದರವು ಇದರ ಕಾಲು ಭಾಗದಿಂದ ಅರ್ಧ ಭಾಗದಷ್ಟು ಮಾತ್ರ. ಕಬ್ಬಿಣವನ್ನು ತುಕ್ಕಿನಿಂದ ಕಾಯುವುದು ಅದರ ಕೆಳಗೆ ಹತ್ತರಿಂದ ಮೂವತ್ತು ಮೈಕ್ರಾನ್ ದಪ್ಪವಾಗಿ ಕುಳಿತಿರುವ ನಿಕ್ಕಲು. ಮೇಲಿನ ಕ್ರೋಮಿಯಂ ನಿಕ್ಕಲನ್ನು ಮಾಸಗೊಡದೆ ಗಟ್ಟಿಯಾದ ಮುಖವನ್ನು ಕೊಡುತ್ತದೆ. ಒಂದು ಗೀರನ್ನೂ ಅದು ಮುಚ್ಚಲಾರದು. ಕೆಳಗಿನ ಉಕ್ಕನ್ನು ಕನ್ನಡಿಯಂತೆ ಉಜ್ಜಿದ್ದರೆ ಮಾತ್ರ ಮೇಲೆ ಕನ್ನಡಿ. ಹೀಗೆ ಉಜ್ಜುವುದರಲ್ಲಿಯೇ ಫ್ರೇಮಿಗೆ ಅಪಾಯ. ಪಂದ್ಯದ ಬೈಸಿಕಲ್ಲಿನ ಕೊಳವೆಯ ಗೋಡೆ ಒಂದು ಮಿಲಿಮೀಟರಿಗೂ ತೆಳುವು. ತುಕ್ಕಿನ ಗುಳಿ ಮಾಯುವವರೆಗೆ ಚಕ್ರಕ್ಕೆ ಹಿಡಿದರೆ ಗೋಡೆ ಸವೆಯುವುದು. ಕೊಳವೆಗಳು ಕೂಡುವೆಡೆಯ ಕವಚಗಳ ಚೂಪಾದ ಅಂಚುಗಳು ಉರುಟಾಗುವುವು. ಕಾರ್ಖಾನೆಯಲ್ಲಿ ಒತ್ತಿದ ಕ್ರಮಾಂಕವು ಅಳಿದುಹೋಗುವುದು. ತೊಳೆಯಲು ಬಳಸಿದ ಆಮ್ಲವು ಟೊಳ್ಳಿನೊಳಗೆ ಉಳಿದರೆ ಒಳಗಿನಿಂದಲೇ ತಿನ್ನುತ್ತದೆ. ಆಮ್ಲದಿಂದಲೂ ವಿದ್ಯುತ್ತಿನಿಂದಲೂ ಹುಟ್ಟುವ ಜಲಜನಕವು ಗಟ್ಟಿಯುಕ್ಕಿನೊಳಗೆ ಸೇರಿ ಅದನ್ನು ಪೆಡಸುಮಾಡುವುದೂ ಉಂಟು. ಅದು ಹೊರಟುಹೋಗಲೆಂದು ಕೆಲಸವಾದ ಕೂಡಲೆ ಸುಮಾರು ೧೯೦ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಗಂಟೆಗಟ್ಟಲೆ ಇಡಬೇಕು. ಎಲ್ಲ ಕಡೆಯೂ ಇಡುತ್ತಾರೆಂದು ಹೇಳುವಂತಿಲ್ಲ.

"ಇದೆಲ್ಲ ಕಬ್ಬಿಣದ ಕಷ್ಟ, ಮೇಷ್ಟ್ರೇ. ಮನುಷ್ಯರ ಕಷ್ಟ ಬೇರೆ ಇದೆ," ಎಂದು ಶಿಷ್ಯನು ಮುಂದುವರಿಸಿದನು. ಅವನ ದೊಡ್ಡಪ್ಪನ ಮಗನು ಒಂದು ಊರಿನ ಲೇಪದ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ದುಡಿದವನು. ತೊಟ್ಟಿಯಿಂದೇಳುವ ಕ್ರೋಮಿಕ್ ಆಮ್ಲದ ತುಂತುರು ಅವನ ಮೂಗಿನ ಎರಡು ಹೊಳ್ಳೆಗಳ ನಡುವಣ ಗೋಡೆಯಲ್ಲಿ ರಂಧ್ರವನ್ನು ಕೊರೆದಿದೆ. ಇದು ಆ ವೃತ್ತಿಯವರಲ್ಲಿ ಬಹು ಹಿಂದಿನಿಂದ ವೈದ್ಯರು ಕಂಡಿರುವ ರೋಗ. ಅದೇ ಆಮ್ಲದ ಕ್ರೋಮಿಯಂ ಶ್ವಾಸಕೋಶದ ಅರ್ಬುದಕ್ಕೆ ಕಾರಣವಾಗುವುದೂ ಸಿದ್ಧವಾಗಿದೆ. ಐರೋಪ್ಯ ಒಕ್ಕೂಟದಲ್ಲಿ ೨೦೧೭ರಿಂದ ವಿಶೇಷ ಅನುಮತಿಯಿಲ್ಲದೆ ಅದನ್ನು ಬಳಸಕೂಡದೆಂದು ಮಾಡಿದ್ದಾರೆ. ಅಷ್ಟು ವಿಷವಿಲ್ಲದ ಮತ್ತೊಂದು ಬಗೆಯ ತೊಟ್ಟಿಯೂ ಈಗ ಬಂದಿದೆ, ಆದರೆ ನಮ್ಮ ಕಡೆಯ ಸಣ್ಣ ಕಾರ್ಖಾನೆಗಳಲ್ಲಿ ತನಗೆ ಅದು ಸಿಕ್ಕಲಿಲ್ಲ ಎಂದನು.

"ನೀವು ನಿಜವಾದ ಕೆಲಸ ಅಂದಿರಿ. ಆ ನಿಜಕ್ಕೆ ಮೂಗು ಕೊಡುವವನು ನನ್ನಣ್ಣ. ನನ್ನ ಸುಳ್ಳಿನಿಂದ ಯಾರಿಗೆ ಏನಾಯಿತು, ಹೇಳಿ."

ನನಗೆ ಉತ್ತರ ತೋರಲಿಲ್ಲ. "ನಾಳಿದ್ದು ಬಾರಯ್ಯ," ಎಂದು ಕಳುಹಿಸಿದೆನು.

ಆ ಎರಡು ದಿನ ನಾನು ನನ್ನ ಹಳೆಯ ಪಾಠಗಳಲ್ಲಿಯೇ ತಡಕಾಡಿದೆನು. ಮೊದಲು ನೆನಪಾದದ್ದು ಕುಂಬಾರನ ಆವಿಗೆ. ಹಸಿಯ ಗಡಿಗೆ ಬೆಂದು ಕೆಂಪಾಗುತ್ತದೆ. ಕೆಂಪಾದ ಗಡಿಗೆಯು ಹಿಂದಿನ ಕಪ್ಪು ಗಡಿಗೆಯೇ, ಬೇರೆಯೇ? ವೈಶೇಷಿಕರು ಬೇರೆಯೆನ್ನುತ್ತಾರೆ: ಬೆಂಕಿಯು ಗಡಿಗೆಯನ್ನು ಪರಮಾಣುಗಳವರೆಗೆ ಬಿಡಿಸಿ, ಪರಮಾಣುಗಳಲ್ಲಿ ಬಣ್ಣ ಹುಟ್ಟಿ, ಅವು ಮತ್ತೆ ಕೂಡಿ ಹೊಸ ಗಡಿಗೆಯಾಗುತ್ತದೆಂದು ಅವರ ಪೀಲುಪಾಕವಾದ. ನೈಯಾಯಿಕರು ಅಷ್ಟು ದೂರ ಹೋಗುವುದಿಲ್ಲ. ಗಡಿಗೆಯು ಗಡಿಗೆಯಾಗಿ ನಿಂತೇ ಬಣ್ಣ ಬದಲಿಸುತ್ತದೆ. 'ಅದೇ ಇದು' ಎಂಬ ಪ್ರತ್ಯಭಿಜ್ಞೆ ಇರುವುದರಿಂದ ಹಾಗೆಯೇ ಒಪ್ಪಬೇಕೆಂಬುದು ಅವರ ಪಿಠರಪಾಕವಾದ. ನನ್ನ ಒಲವು ನೈಯಾಯಿಕರ ಕಡೆಗೆ. ಹಳೆಯ ಲೇಪವನ್ನು ತೆಗೆದು ಹೊಸದನ್ನು ಕೂರಿಸಿದ ಮಾತ್ರಕ್ಕೆ ಫ್ರೇಮು ಬೇರೆಯಾಗದು. ಆದರೆ ಪ್ರತ್ಯಭಿಜ್ಞೆಗೆ ಆಧಾರ ಬೇಕು. ಕ್ರಮಾಂಕವನ್ನೂ ಅಂಚುಗಳನ್ನೂ ಉಜ್ಜಿ ಅಳಿಸಿದ ಮೇಲೆ 'ಅದೇ ಇದು' ಎನ್ನುವುದಕ್ಕೆ ಮಾಲೀಕನ ಮಾತಲ್ಲದೆ ಇನ್ನೇನು ಉಳಿಯಿತು? ಹೀಗೆ ನೋಡಿದರೆ ನಿಜವಾದ ಕ್ರೋಮಿಯಮ್ಮೇ ಫ್ರೇಮಿಗೆ ಹೆಚ್ಚು ಅನ್ಯಾಯ ಮಾಡಬಹುದು, ಹುಸಿಯಾದ ಲೇಪವು ಮೇಲೆ ಕುಳಿತು ಕೆಳಗಿನದನ್ನು ಹಾಗೆಯೇ ಬಿಡಬಹುದು. ಇದು ನಾನು ನಿರೀಕ್ಷಿಸಿದ ಫಲವಲ್ಲ.

ಎರಡನೆಯದಾಗಿ ಶುಕ್ತಿರಜತದ ದೃಷ್ಟಾಂತ. ಮರಳಿನಲ್ಲಿ ಬಿದ್ದ ಕಪ್ಪೆಚಿಪ್ಪನ್ನು ಬೆಳ್ಳಿಯೆಂದು ಭ್ರಮಿಸಿ ಕೈನೀಡುವವನ ಕಥೆಯನ್ನು ಹೇಳದ ದರ್ಶನವೇ ಇಲ್ಲ. ಶಿಷ್ಯನ ಲೇಪವು ಏನೆಂದು ವಿಚಾರಿಸಿದಾಗ ನನಗೆ ನಗು ಬಂದಿತು. ಕನ್ನಡಿಯ ಹಿಂದೆ ಬೆಳ್ಳಿ ಕೂರಿಸುವ ಕ್ರಮವೇ ಅದು. ೧೮೩೫ರಲ್ಲಿ ಜರ್ಮನಿಯ ಲೀಬಿಗ್ ಕಂಡ ರಸಾಯನಕ್ರಿಯೆಯಿಂದ ಬೆಳೆದದ್ದು. ಫ್ರೇಮಿಗೆ ನುಣುಪಾದ ಕಪ್ಪು ವಾರ್ನಿಷನ್ನು ಬಳಿದು, ಬೆಳ್ಳಿಯ ಲವಣದ ದ್ರಾವಣವನ್ನೂ ಅದನ್ನು ಒಡೆಯುವ ದ್ರಾವಣವನ್ನೂ ಒಟ್ಟಿಗೆ ಸಿಂಪಡಿಸಿದರೆ ಕ್ಷಣಮಾತ್ರದಲ್ಲಿ ಅಪ್ಪಟ ಬೆಳ್ಳಿಯ ಪೊರೆ ಕೂಡುತ್ತದೆ. ಅದರ ಮೇಲೆ ತಿಳಿ ವಾರ್ನಿಷು. ಅದು ಗೀರಿಗೆ ಅಳುಕುತ್ತದೆ, ಬಿಸಿಲಿಗೆ ಹಳದಿಯಾಗುತ್ತದೆ, ಅದಂತಿರಲಿ. ಪೂರ್ವಿಕರ ಕಥೆಯಲ್ಲಿ ಚಿಪ್ಪು ಬೆಳ್ಳಿಯಂತೆ ತೋರಿತು. ಇಲ್ಲಿ ಸಾಕ್ಷಾತ್ ಬೆಳ್ಳಿಯೇ ಅದಕ್ಕಿಂತ ಅಗ್ಗವಾದ ಲೋಹದಂತೆ ತೋರಬೇಕಾಗಿದೆ! ಬೆಲೆಯುಳ್ಳದ್ದು ಬೆಲೆಯಿಲ್ಲದ್ದರ ವೇಷ ಹಾಕಿದರೂ ಮೋಸವಾದೀತೆ? ಆಗುತ್ತದೆ. ಕೊಳ್ಳುವವನು ಬೆಳ್ಳಿಯನ್ನೂ ಕ್ರೋಮಿಯಮ್ಮನ್ನೂ ಕೊಳ್ಳುತ್ತಿಲ್ಲ, ಅರವತ್ತು ಎಪ್ಪತ್ತು ವರ್ಷಗಳನ್ನು ಕೊಳ್ಳುತ್ತಿದ್ದಾನೆ. ಮತ್ತೂ ಒಂದು ಭೇದವುಂಟು. ಮರಳಿನಲ್ಲಿದ್ದ ಚಿಪ್ಪು ಯಾರನ್ನೂ ಕರೆಯಲಿಲ್ಲ. ಅಲ್ಲಿ ದೋಷವೆಲ್ಲ ನೋಡಿದವನ ಕಣ್ಣಿನದು, ಅವನ ಆಸೆಯದು. ಇಲ್ಲಿ ಚಿಪ್ಪನ್ನು ತಂದು, ಬೆಳಕು ಬೀಳುವ ಕಡೆ ಇಟ್ಟವನೊಬ್ಬನಿದ್ದಾನೆ.

ಮೂರನೆಯ ದಿನ ಶಿಷ್ಯನು ಬಂದಾಗ ನಾನು ನಮ್ಮ ಅಡಿಗೆಮನೆಯ ಮಾತನ್ನೇ ಹೇಳಿದೆನು. ತಾಮ್ರದ ಪಾತ್ರೆಯೊಳಗೆ ತವರ ಹಚ್ಚಿದರೆ ಅದನ್ನು ಕಲಾಯಿಯೆನ್ನುತ್ತೇವೆ, ಹಿತ್ತಾಳೆಯ ಬಳೆಗೆ ಚಿನ್ನದ ಬಣ್ಣ ಕೊಟ್ಟರೆ ಗಿಲೀಟೆನ್ನುತ್ತೇವೆ. ಎರಡೂ ಒಂದು ಲೋಹದ ಮೇಲೆ ಇನ್ನೊಂದರ ಪೊರೆಯೇ. ಆದರೂ ಕಲಾಯಿ ಹಾಕಿಸಿದೆನೆಂದು ಯಾವ ಗೃಹಿಣಿಯೂ ಮುಚ್ಚಿಡುವುದಿಲ್ಲ.

"ಕಾರ್ಖಾನೆಯವರು ಹಾಕಿದ್ದೂ ಗಿಲೀಟೇ ಅಲ್ಲವೆ? ಉಕ್ಕನ್ನು ಬೆಳ್ಳಿಯ ಹಾಗೆ ಮಾಡಿದರು," ಎಂದು ಅವನು ಕೇಳಿದನು. ಪಾಠಶಾಲೆಯಲ್ಲಿದ್ದಾಗ ಇಂಥ ಒಂದು ಪೂರ್ವಪಕ್ಷವನ್ನು ಅವನು ಎತ್ತಿದ್ದರೆ ನಾನು ಅವನನ್ನು ಹೊರಗೆ ನಿಲ್ಲಿಸುತ್ತಿರಲಿಲ್ಲ.

"ಅವರು ಕ್ರೋಮಿಯಂ ಎಂದೇ ಹೇಳಿ ಮಾರಿದರು ಕಣಯ್ಯ. ನೀನೂ ಹೇಳಿ ಹಾಕು. ನಿನ್ನಣ್ಣನ ಮೂಗಿನ ಲೆಕ್ಕದಲ್ಲಿ ನಾನು ಸೋತೆ. ಆ ತೊಟ್ಟಿಗೆ ಕಳುಹಿಸೆಂದು ಇನ್ನು ನಾನು ಹೇಳಲಾರೆ. ಬೆಳ್ಳಿಯನ್ನೇ ಹಾಕು. ಆದರೆ ಪೆಡಲಿನ ಅಚ್ಚು ತೂರುವ ಕೊಳವೆಯ ಅಡಿಯಲ್ಲಿ, ಕ್ರಮಾಂಕವಿರುವ ಕಡೆ, ಅಂಗೈಯಗಲ ಜಾಗವನ್ನು ಹಾಗೆಯೇ ಬಿಡು. ತುಕ್ಕು ತೆಗೆದು ಎಣ್ಣೆ ಸವರಿದರೆ ಸಾಕು. ಏನು ಮಾಡಿದೆಯೆಂದು ರಶೀದಿಯಲ್ಲಿ ಬರೆ."

"ಅವರು ಒಪ್ಪುವುದಿಲ್ಲ, ಮೇಷ್ಟ್ರೇ."

"ಒಪ್ಪದಿದ್ದರೆ?" ಎಂದು ನಾನು ಕೇಳಿದೆನೇ ಹೊರತು ಮುಂದಿನದನ್ನು ಹೇಳಲಿಲ್ಲ. ನಿವೃತ್ತಿವೇತನವನ್ನು ಉಣ್ಣುವವನು ಅಂಗಡಿಯಿಟ್ಟವನಿಗೆ ಸತ್ಯದ ಬೆಲೆಯನ್ನು ಹೇಳುವಾಗ ನಾಲಗೆ ಸ್ವಲ್ಪ ತಡೆಯುವುದು ಸಹಜ.

ಗೃಹಸ್ಥರು ಒಪ್ಪಲಿಲ್ಲ. ಫ್ರೇಮನ್ನು ಹಿಂದಕ್ಕೆ ತರಿಸಿಕೊಂಡು ಬೇರೆಲ್ಲಿಗೋ ಕೊಟ್ಟರು. ಈಗ ಅದು ಎಲ್ಲಿಯೋ ಥಳಥಳಿಸುತ್ತಿರಬೇಕು. ಶಿಷ್ಯನಿಗೆ ಒಂದು ತಿಂಗಳ ಅಂಗಡಿಬಾಡಿಗೆಗೂ ಮಿಗಿಲಾದ ಹಣ ತಪ್ಪಿತು. ಅವನು ಅದನ್ನು ನನಗೆ ಹೇಳಿದ್ದು ದೂರಾಗಿ ಅಲ್ಲ. ಹೇಳದೆ ಇದ್ದಿದ್ದರೆ ನನಗೆ ಹೆಚ್ಚು ಸುಖವಾಗುತ್ತಿತ್ತು.

ಅದೇ ದಿನ ಅವನು ನಮ್ಮ ಹಿತ್ತಲ ಕೈಸಾಲೆಯಲ್ಲಿ ಒರಗಿದ್ದ ನಮ್ಮ ತಂದೆಯ ಬೈಸಿಕಲ್ಲನ್ನು ನೋಡಿದನು. ಅದು ಕಪ್ಪು ಫ್ರೇಮಿನದು. ಮುಂದಿನ ಫೋರ್ಕಿನ ತುದಿಗಳಿಗೂ ಹ್ಯಾಂಡಲಿಗೂ ಮಾತ್ರ ಕ್ರೋಮಿಯಂ. ತಂದೆಯವರು ಅದರ ಮೇಲೆ ಸುತ್ತಣ ಏಳು ಹಳ್ಳಿಗಳಿಗೆ ಪೌರೋಹಿತ್ಯಕ್ಕೆ ಹೋಗಿಬರುತ್ತಿದ್ದರು. ಮುಂದಿನ ಬಾರಿಗೆ ಪಂಚೆಯ ತುಂಡು ಸುತ್ತಿ ನನ್ನನ್ನು ಕೂರಿಸಿಕೊಳ್ಳುತ್ತಿದ್ದ ಎಡೆಯಲ್ಲಿ ಎನಾಮೆಲ್ ಸವೆದು ಉಕ್ಕು ಕಾಣುತ್ತದೆ.

"ಇದನ್ನು ಪೂರ್ತಿ ಹೊಸದು ಮಾಡಿಕೊಡುತ್ತೇನೆ, ಮೇಷ್ಟ್ರೇ. ಕಾಸು ಬೇಡ. ಬಾರಿಗೂ ಹೊಳಪು ಹಾಕುತ್ತೇನೆ."

ನಾನು ಬಾರನ್ನು ಮುಟ್ಟಬೇಡವೆಂದೆ. ಏಕೆಂದು ಅವನು ಕೇಳಲಿಲ್ಲ. ಒಳಗೆ ಹೋಗಿ, ರೊಟ್ಟಿ ಸುತ್ತಿಡುವ ಅಲ್ಯುಮಿನಿಯಂ ಕಾಗದದ ಒಂದು ತುಂಡನ್ನೂ ಒಂದು ಚೊಂಬು ನೀರನ್ನೂ ನಮ್ಮವಳಿಂದ ಇಸಿದುಕೊಂಡು ಬಂದನು. ಆ ಲೋಹವು ಕ್ರೋಮಿಯಮ್ಮಿಗಿಂತ ಮೆತ್ತಗಿರುವುದರಿಂದ ಗೀರುವುದಿಲ್ಲ, ತುಕ್ಕನ್ನು ಮಾತ್ರ ಎಬ್ಬಿಸುತ್ತದೆ ಎಂದು ಹೇಳುತ್ತ ಅದನ್ನು ಮುದುಡಿ ನೀರಿನಲ್ಲಿ ಅದ್ದಿ ಫೋರ್ಕಿನ ತುದಿಯನ್ನು ಉಜ್ಜತೊಡಗಿದನು. ಕಂದು ನೀರು ಇಳಿಯಿತು. ಬಟ್ಟೆಯಿಂದ ಒರಸಿದಾಗ ಸಾಸಿವೆಯಷ್ಟು ಸಾಸಿವೆಯಷ್ಟು ಗುಳಿಗಳು ಹಾಗೆಯೇ ಇದ್ದವು. ಅವುಗಳ ನಡುವೆ ಕ್ರೋಮಿಯಂ ಬೆಳಗಿತು. ಕೊಬ್ಬರಿ ಎಣ್ಣೆಯನ್ನು ಸವರಿ, "ಮಳೆಗಾಲಕ್ಕೆ ಮುಂಚೆ ಇನ್ನೊಮ್ಮೆ ಬರುತ್ತೇನೆ," ಎಂದು ಹೇಳಿ ಹೋದನು.